ಗ್ವಾದಲಿಗೆ ಬಂದ ಬಿಸಿಲು

ನವರಾತ್ರಿ ಮುಗಿದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ನಮ್ಮ ಸೊಸೈಟಿಗೆ ಬಣ್ಣ ಹೊಡೆಸುವ ಕೆಲಸ ಶುರುವಾಯಿತು. ಶುರುವಾದ ಮರುದಿನವೇ ಪೇಂಟರ್ ಫೋನ್ ಮಾಡಿದ. ನಾನಾಗ ಮಹಾಪೆಯ ಆಫೀಸಿನಲ್ಲಿ, ಬಣ್ಣ ಹೊಡೆಯುವವನು ಹಗ್ಗದಿಂದ ಜಾರಿ ಬಿದ್ದರೆ ಪೊಲೀಸರು ಮೊದಲು ಹಿಡಿಯುವುದು ಸೊಸೈಟಿಯ ಅಧ್ಯಕ್ಷರನ್ನೋ ಸೆಕ್ರೆಟರಿಯನ್ನೋ ಎಂದು ಯೋಚಿಸುತ್ತ ಕುಳಿತಿದ್ದೆ. ಸೆಕ್ರೆಟರಿ ನಾನೇ.

"ಸಾಬ್, ಬಿ ವಿಂಗ್ ಕೀ ಟಂಕಿ ಪರ್ ಏಕ್ ಆಯಿನಾ ಲಗಾ ಹೈ. ನಿಕಾಲ್ ದೂಂ?"

ನೀರಿನ ಟಾಂಕಿಯ ಗೋಡೆಗೆ ಹಾಕಿರುವ ಕನ್ನಡಿಯನ್ನು ಕಿತ್ತುಬಿಡಲೇ ಎಂದು ಕೇಳುತ್ತಿದ್ದ. ಪ್ರಶ್ನೆ ನ್ಯಾಯವಾದದ್ದೇ. ಟಾಂಕಿಗೆ ಮುಖ ನೋಡಿಕೊಳ್ಳುವ ಚಟ ಇರುವುದಿಲ್ಲ.

"ಹಾಥ್ ಮತ್ ಲಗಾನಾ!" ಮುಟ್ಟಬೇಡ ಎಂದು ಕೂಗಿದೆ. ಪಕ್ಕದ ಮೇಜಿನವನು ಕಂಪ್ಯೂಟರಿನಿಂದ ತಲೆ ಎತ್ತಿ ನೋಡಿದ. ಅವನು ನನ್ನ ದನಿ ಅಷ್ಟು ಎತ್ತರದಲ್ಲಿ ಕೇಳಿದ್ದು ಅದೇ ಮೊದಲು.

ಆ ಕನ್ನಡಿ ಕಾಕಾ ಅವರದು. ಕಾಕಾ ಹೋಗಿ ಆಗ ಎರಡು ತಿಂಗಳ ಮೇಲಾಗಿತ್ತು.

ಅವರಿಗೆ ಒಂದು ಹೆಸರಿತ್ತು. ಗೇಟಿನ ಬೋರ್ಡಿನ ಮೇಲೆ ಇಂದಿಗೂ ಇದೆ. ಆ ಹೆಸರಿನಿಂದ ಯಾರೂ ಕರೆದದ್ದು ನನಗೆ ನೆನಪಿಲ್ಲ. ಕಲಬುರಗಿ ಕಡೆಯ ಅವರ ಜನಕ್ಕೆ ಅವರು ಕಾಕಾ, ಸೊಸೈಟಿಯ ಮರಾಠಿ ಮನೆಗಳಿಗೂ ಕಾಕಾ, ಉಡುಪಿಯ ಕಡೆಯ ನಮಗೆ ಎರಡೂ ಕಡೆಯಿಂದ ಆ ಶಬ್ದ ಕೇಳಿಕೇಳಿ ಅಭ್ಯಾಸವಾಗಿ ನಮಗೂ ಕಾಕಾ. ಅವರ ಹೆಂಡತಿ ಕಾಕೂ. ಘಣಸೋಲಿಯ ಈ ಎರಡು ಮಾಳಿಗೆಯ ಹಳೇ ಕಟ್ಟಡದ ಎ ವಿಂಗಿನಲ್ಲಿ, ನಮ್ಮ ಮನೆಯ ನೇರ ಕೆಳಗೆ, ನೆಲಮಟ್ಟದಲ್ಲಿ ಅವರ ಮನೆ. ನಾನು ರಾತ್ರಿ ಚಿಂತೆಯಲ್ಲಿ ಶತಪಥ ಹಾಕಿದರೆ ಬೆಳಿಗ್ಗೆ ಅವರಿಗೆ ಗೊತ್ತಾಗಿರುತ್ತಿತ್ತು.

"ಸಾಹೇಬ್ರ, ನಿನ್ನಿ ಭಾಳ ದೂರ ನಡದ್ರಿ ಅನಸ್ತದ. ಕಲ್ಯಾಣ ಮುಟ್ಟಿದ್ರೇನು?"

ಕಾಕಾ ಈ ಊರಿಗೆ ಬಂದದ್ದು ಶಹಾಬಾದಿನ ಕಲ್ಲು ತುಂಬಿದ ಲಾರಿಯಲ್ಲಿ, ಕಲ್ಲಿನ ಮೇಲೆ ಕುಳಿತು. ಆ ಬೂದು ಬಣ್ಣದ ಫರಸಿಯನ್ನೇ ಇಲ್ಲಿ ಅಡುಗೆಮನೆಗೆ, ಬಚ್ಚಲಿಗೆ, ಅಂಗಳಕ್ಕೆ, ಸ್ಟೇಷನ್ನಿಗೆ ಹಾಸುತ್ತಿದ್ದ ಕಾಲವದು. ಮೊದಲು ಕಲ್ಲು ಇಳಿಸುವ ಕೆಲಸ, ಆಮೇಲೆ ಹಾಸುವ ಕೆಲಸ, ಆಮೇಲೆ ಸ್ವಂತ ಗುತ್ತಿಗೆ. ಅವರ ಜೊತೆ ರೈಲಿನಲ್ಲಿ ಹೋಗುವುದು ಒಂದು ಶಿಕ್ಷೆ. ಠಾಣೆಯಲ್ಲೋ ಡೊಂಬಿವಲಿಯಲ್ಲೋ ಇಳಿದ ಕೂಡಲೇ, ಜನ ನೂಕುತ್ತಿದ್ದರೂ ಲೆಕ್ಕಿಸದೆ, ಕಾಲ ಕೆಳಗಿನ ಹಳೇ ಕಲ್ಲನ್ನು ನೋಡಿ ನಿಂತುಬಿಡುತ್ತಿದ್ದರು.

"ನಮ್ಮೂರ್ ಬಂತ್ ನೋಡ್ರಿ."

ಹೊಳೆಯುವ ಟೈಲ್ಸು ಬಂದ ಮೇಲೆ ಅವರ ಕಸುಬು ಸೊರಗಿತು. ಟೈಲ್ಸಿನ ಬಗ್ಗೆ ಅವರಾಡುತ್ತಿದ್ದ ಮಾತುಗಳಲ್ಲಿ ಅಚ್ಚು ಹಾಕುವಂಥದ್ದು ಕಡಿಮೆ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಬಲಗೈ. ಮಗುವಿನ ಹಣೆ ಮುಟ್ಟಿ ಜ್ವರ ನೋಡುತ್ತೇವಲ್ಲ, ಹಾಗೆ ಅಂಗೈ ಮಗುಚಿ, ಕೈಬೆನ್ನಿನಿಂದ ಯಾವ ಗೋಡೆ ಕಂಡರೂ ಮುಟ್ಟಿ ನೋಡುತ್ತಿದ್ದರು. ಇಳಿಮಧ್ಯಾಹ್ನ ನಮ್ಮ ಕಟ್ಟಡದ ಪಡುವಣ ಗೋಡೆ ಮುಟ್ಟಿ ತಲೆಯಾಡಿಸುವರು. "ಜ್ವರ ಏರ್ಯಾದ." ಬೇಲಾಪುರದ ಸರಕಾರಿ ಕಚೇರಿಗೆ ಏನೋ ಕಾಗದಕ್ಕೆ ಹೋದಾಗ ಅಲ್ಲಿನ ಕಂಬ ಮುಟ್ಟಿ, "ಇದು ಪರವಾಗಿಲ್ಲ, ಬರೇ ಮೈ ಬಿಸಿ" ಎಂದರು. ಒಮ್ಮೆ ಮಹಾಪೆಗೆ ನನ್ನನ್ನು ಕಾಣಲು ಬಂದವರು ಆಫೀಸಿನ ಗಾಜಿನ ಗೋಡೆಯ ಮೇಲೂ ಕೈ ಇಟ್ಟರು. ವಾಚ್‌ಮನ್ ಓಡಿಬಂದ.

"ಓ ಚಾಚಾ, ಹಾಥ್ ಹಟಾವ್!"

ಕಾಕಾ ಕೈ ತೆಗೆಯಲಿಲ್ಲ. ಹೊರಗೆ ಸಾಲಾಗಿ ತೂಗುತ್ತಿದ್ದ ಏಸಿ ಪೈಪುಗಳನ್ನು ಕತ್ತು ಚಾಚಿ ನೋಡಿ ನನಗೆ ಹೇಳಿದರು: "ಸಾಹೇಬ್ರ, ಇದು ಉಳಿಯಂಗಿಲ್ರಿ. ಸಲೈನ್ ಹಚ್ಚಿ ಜೀವ ಹಿಡದಾರ."

ಇಷ್ಟು ಕೇಳಿ, ಮನೆ ಕಟ್ಟುವ ವಿದ್ಯೆಯೆಲ್ಲ ಅವರಿಗೆ ಕರಗತವಾಗಿತ್ತು ಎಂದು ಯಾರೂ ತಿಳಿಯಬಾರದು. ಅವರದು ಒಣ ಹವೆಯ ಊರಿನ ವಿದ್ಯೆ. ಅದನ್ನು ಸಮುದ್ರದ ಮಗ್ಗುಲಿಗೆ ತಂದು, ಇಲ್ಲಿ ಅದು ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳಲು ಅವರು ಕೊನೆಯವರೆಗೂ ತಯಾರಿರಲಿಲ್ಲ. ಮೇ ತಿಂಗಳು ಬಂತೆಂದರೆ ಬೆಳಿಗ್ಗೆಯೇ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಒಳಗೆ ಕೂರುವರು. ನಾನು ಒಮ್ಮೆ ನೀರಿನ ಬಿಲ್ಲಿನ ವಿಷಯ ಮಾತಾಡಲು ಹೋದೆ.

"ಬರ್ರಿ ಸಾಹೇಬ್ರ, ಒಳಗ ಬರ್ರಿ, ತಂಪದ!"

ತಟ್ಟು ಸರಿಸಿ ಒಳಗೆ ಕಾಲಿಟ್ಟೆ. ಇಡ್ಲಿ ಬೇಯುತ್ತಿರುವ ಪಾತ್ರೆಯೊಳಗೆ ಹೊಕ್ಕ ಹಾಗಾಯಿತು. ಕನ್ನಡಕದ ಮೇಲೆ ಆವಿ ಕಟ್ಟಿತು.

"ಹೆಂಗದ?"

"ತಂಪುಂಟು," ಎಂದೆ, ಕನ್ನಡಕ ಒರೆಸಿಕೊಳ್ಳುತ್ತ.

ಒಳಗಿನಿಂದ ಕಾಕೂ ನಕ್ಕರು. "ಸುಳ್ಳ್ ಯಾಕ ಹೇಳ್ತಿ ತಮ್ಮಾ. ಇವರು ನನ್ನ ಹಬಿಯೊಳಗ ಇಟ್ಟು ಕುದಸ್ಲಕತ್ತಾರ."

"ನಮ್ಮೂರಾಗ ಇದೇ ತಟ್ಟಿಗಿ ಚಳಿ ಹತ್ತತಿತ್ತು," ಎಂದರು ಕಾಕಾ.

"ನಿಮ್ಮೂರಿನ ಗಾಳಿ ಒಣಗಿ ಬರ್ತದೆ ಕಾಕಾ, ತಟ್ಟಿನ ನೀರು ಕುಡೀತದೆ, ತಂಪಾಗ್ತದೆ. ಇಲ್ಲಿ ಸಮುದ್ರದ ಗಾಳಿ. ಮೊದಲೇ ಹೊಟ್ಟೆ ತುಂಬ ಕುಡಿದು ಬಂದಿರ್ತದೆ."

ಕಾಕಾ ಎದ್ದು ತಟ್ಟಿಗೆ ಇನ್ನೊಂದು ತಂಬಿಗೆ ನೀರು ಚಿಮುಕಿಸಿದರು. "ಕುಡಕ ಗಾಳಿಗಿ ನಾ ಏನ್ ಮಾಡ್ಲಿ? ಅದಕ ಬುದ್ಧಿ ಬರಬೇಕು." ಮರುವರ್ಷ ಮೇ ತಿಂಗಳಲ್ಲಿ ಗೋಣಿತಟ್ಟು ಮತ್ತೆ ಬಾಗಿಲಿನಲ್ಲಿ ತೂಗಾಡುತ್ತಿತ್ತು.

ಇನ್ನೊಂದು ಅಭ್ಯಾಸ. ಮಳೆಯ ಮೊದಲ ಹನಿ ಟಪ್ಪೆಂದು ಎಲ್ಲಿ ಬಿದ್ದರೂ ಸರಿ, ಕಾಕಾ ಕುಳಿತಲ್ಲಿಂದ ಎದ್ದು ಟೆರೇಸಿಗೆ ಓಡುತ್ತಿದ್ದರು. ಊಟದ ನಡುವೆಯೂ ಅಷ್ಟೇ. ಮೊದಲು ನಾನು, ಟಾಂಕಿಯ ಮುಚ್ಚಳ ನೋಡಲು ಹೋಗುತ್ತಾರೆ, ಸೊಸೈಟಿಯ ಬಗ್ಗೆ ಎಷ್ಟು ಕಾಳಜಿ ಎಂದು ತಿಳಿದು ಮೀಟಿಂಗಿನಲ್ಲಿ ಅವರನ್ನು ಹೊಗಳಿದ್ದೆ. ಆಮೇಲೆ ಗೊತ್ತಾಯಿತು. ಊರಿನ ಮನೆಯ ಮಣ್ಣಿನ ಮಾಳಿಗೆಯಲ್ಲಿ, ಅಡುಗೆಮನೆಯ ನೆತ್ತಿಗೆ ಒಂದು ಬೆಳಕಿಂಡಿ. ತಳ ಒಡೆದ ಗಡಿಗೆಯನ್ನು ಮಾಳಿಗೆಯಲ್ಲಿ ಹುಗಿದು ಮಾಡಿದ ತೂತು. ಬೆಳಕು ಬರುವುದೂ ಅದರಿಂದ, ಹೊಗೆ ಹೋಗುವುದೂ ಅದರಿಂದ. ಮಳೆ ಬಂದರೆ ಒಲೆ ಆರುವ ಮೊದಲು ಯಾರಾದರೂ ಏಣಿ ಹತ್ತಿ ಓಡಿ ಅದರ ಮೇಲೆ ಕಲ್ಲು ಮುಚ್ಚಬೇಕು. ಚಿಕ್ಕಂದಿನಿಂದ ಅದು ಕಾಕಾ ಅವರ ಪಾಲಿನ ಕೆಲಸ. ಇಷ್ಟು ವರ್ಷ ಈ ಊರಲ್ಲಿ ಸ್ಲ್ಯಾಬಿನ ಕೆಳಗೆ ಬಾಳಿದರೂ ಆ ಕಾಲುಗಳಿಗೆ ಯಾರೂ ತಿಳಿಸಿರಲಿಲ್ಲ. ಟೆರೇಸಿಗೆ ಹೋಗಿ, ಮುಚ್ಚಲು ಏನೂ ಸಿಗದೆ, ತಲೆ ತೋಯಿಸಿಕೊಂಡು ಇಳಿದು ಬರುವರು. "ಹಂಗ ಸುಮ್ನ ಹೋಗಿದ್ದೆ," ಎನ್ನುವರು.

ಆ ಮನೆಯನ್ನು ನಾನು ನೋಡಿದವನಲ್ಲ. ಅಡ್ಡ ಗೊತ್ತು, ಉದ್ದ ಗೊತ್ತು, ಯಾವ ಕಂಬಕ್ಕೆ ಗೆದ್ದಲು ಹತ್ತಿತ್ತು ಎಂಬುದೂ ಗೊತ್ತು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕಾಕಾ ಅದನ್ನು ನನ್ನ ತಲೆಯೊಳಗೆ ಕಟ್ಟಿದ್ದರು. ಮೊಳದಗಲದ ಕಲ್ಲು ಮಣ್ಣಿನ ಗೋಡೆ. ಬೀದಿಯ ಕಡೆ ಹೆಚ್ಚುಕಡಿಮೆ ಕಿಟಕಿಯೇ ಇಲ್ಲ. ಮನೆಯ ಮುಖವೆಲ್ಲ ಒಳಗೆ, ನಡುವಿನ ಅಂಗಳದ ಕಡೆಗೆ. ಅಂಗಳದ ಮೇಲೆ ಬರೀ ಆಕಾಶ, ಸುತ್ತ ಕಂಬಗಳ ಪಡಸಾಲೆ. ರಾತ್ರಿಯ ತಂಪು ಆ ಅಂಗಳಕ್ಕೆ ಇಳಿದು ಕುಳಿತರೆ ಮರುದಿನ ಮಧ್ಯಾಹ್ನ ಹೊರಗೆ ಕಾಗೆ ಬಾಯಿ ತೆರೆದು ಕೂತಾಗಲೂ ಪಡಸಾಲೆ ಬಿಟ್ಟು ಹೋಗುತ್ತಿರಲಿಲ್ಲವಂತೆ.

ಗೋಡೆ, ತಂಪು, ಇವು ಕಾಕಾ ಹೇಳುತ್ತಿದ್ದದ್ದು. ಕಾಕೂ ಹೇಳುತ್ತಿದ್ದದ್ದು ಬಿಸಿಲಿನ ಬಗ್ಗೆ. ಮದುವೆಯಾಗಿ ಹೋದಾಗ ಆ ಮನೆಯಲ್ಲಿ ಗಡಿಯಾರವಿರಲಿಲ್ಲ. ಅಂಗಳಕ್ಕೆ ಇಳಿದ ಬಿಸಿಲು ಎಲ್ಲಿಗೆ ಬಂತು ಎಂದು ನೋಡಿಯೇ ಹೊತ್ತು. ಮೊದಲು ಬಿಸಿಲು ಬೀಳುವುದು ಗ್ವಾದಲಿಯ ಮೇಲೆ, ಎಂದರೆ ದನಗಳಿಗೆ ಮೇವು ಹಾಕುವ ಉದ್ದ ಕಟ್ಟೆ. ಆಗ ದನ ಬಿಚ್ಚಬೇಕು. ಅಲ್ಲಿಂದ ಸರಿದು ಅಂಗಳದ ನಡುವೆ ಹೂತ ಒಳಕಲ್ಲಿಗೆ, ನಮ್ಮ ಕಡೆಯ ಒರಳಿಗೆ, ಬಂದರೆ ರೊಟ್ಟಿ ಬಡಿಯುವ ಹೊತ್ತು. ಇಳಿಹೊತ್ತಿಗೆ ಆಚೆ ಬದಿಯ ದೇವರಮನೆ ಹೊಸ್ತಿಲು ಮುಟ್ಟಿದರೆ ದೀಪದ ಬತ್ತಿ ಹೊಸೆಯಬೇಕು.

"ಇವರು ಎದ್ದು ದನ ಬಿಚ್ಚತಿದ್ರು ಅಂತ ತಿಳೀಬ್ಯಾಡ ತಮ್ಮಾ," ಎನ್ನುವರು ಕಾಕೂ. "ಗ್ವಾದಲಿ ಕಾದು ಹಂಚಾಗತಿತ್ತು, ಇವರ ಗೊರಕಿ ನಿಲ್ತಿದ್ದಿಲ್ಲ. ಹೊಸ ಮದಲಗಿತ್ತಿ ನಾನು, ಅತ್ತಿ ಮುಂದ ಹೆಂಗ ಕರೀಲಿ? ದೂರ ನಿಂತು, ಗ್ವಾಡಿಗಿ ಹೇಳಿದಂಗ, 'ಏಳ್ರೀ, ಬಿಸಲು ಗ್ವಾದಲಿಗಿ ಬಂತು' ಅಂತಿದ್ದೆ."

"ನನಗ ಎಚ್ಚರಾಗೇ ಇರತಿತ್ತು," ಎನ್ನುವರು ಕಾಕಾ. "ಇಕಿ ದನಿ ಕೇಳ್ಬೇಕಂತ ಮಲಗಿರ್ತಿದ್ದೆ."

"ಥೂ, ಸೆಕ್ರೆಟರಿ ಮುಂದ ಏನ್ ಮಾತ್ರಿ ಅವು!"

ಆ ಮನೆ ಈಗ ಇಲ್ಲ. ಬಿದ್ದುಹೋಗಲಿಲ್ಲ, ಪಾಲಾಯಿತು. ಅಣ್ಣತಮ್ಮಂದಿರು ಕೋಣೆಗಳನ್ನು ಹಂಚಿಕೊಂಡಾಗ ಅಂಗಳ ಉಳಿಯಿತು. ಅದನ್ನೂ ಹಂಚಿಕೊಂಡರು. ನಡುವೆ ಗೋಡೆ ಎದ್ದಿತು, ಆಮೇಲೆ ಆಯಾ ಪಾಲಿನವರು ಆಯಾ ತುಂಡಿನ ಮೇಲೆ ಸ್ಲ್ಯಾಬ್ ಹಾಕಿದರು. ಒಳಕಲ್ಲು ಗೋಡೆಯ ಬುಡದಲ್ಲಿ ಹೂತುಹೋಯಿತು. ಈಗ ಅಲ್ಲಿ ಮಧ್ಯಾಹ್ನವೂ ಬಲ್ಬು ಉರಿಯುತ್ತದಂತೆ. ಕಾಕಾ ಒಮ್ಮೆ ಹೋಗಿ ಬಂದವರು ಮತ್ತೆ ಊರಿನ ಹೆಸರೆತ್ತಿದ್ದು ಹಳೇ ಮನೆಯ ಮಾತಿಗೆ ಮಾತ್ರ.

ಕಾಕೂ ಬಿದ್ದದ್ದು ಹೋದ ವರ್ಷ, ಮಗಳ ಮನೆಯಲ್ಲಿ, ಕಲ್ಯಾಣದಲ್ಲಿ. ಹೊಳೆಯುವ ಟೈಲ್ಸಿನ ಮೇಲೆ ಜಾರಿ ಸೊಂಟದ ಎಲುಬು ಮುರಿಯಿತು. ಆಪರೇಶನ್ ಆಯಿತು, ಆದರೆ ಮತ್ತೆ ನಡೆಯಲಾಗಲಿಲ್ಲ. ಮನೆಗೆ ಕರೆತಂದು ಒಳಕೋಣೆಯಲ್ಲಿ ಮಂಚ ಹಾಕಿದರು. ಆ ಕೋಣೆಯ ಕಿಟಕಿ ತೆರೆಯುವುದು ಎ ವಿಂಗ್ ಮತ್ತು ಬಿ ವಿಂಗಿನ ನಡುವಿನ ಖಾಲಿ ಜಾಗಕ್ಕೆ. ನಕಾಶೆಯಲ್ಲಿ ಅದಕ್ಕೆ ಚೌಕ ಎಂದು ಬರೆದಿದೆ. ನಾವು ಕರೆಯುವುದು ಡಕ್ಟ್ ಎಂದು. ಪೈಪುಗಳು, ಪಾರಿವಾಳಗಳು, ಮೇಲಿನಿಂದ ಬಿದ್ದ ಬಟ್ಟೆಯ ಕ್ಲಿಪ್ಪುಗಳು. ಬಿಸಿಲು ಮೇಲಿನ ಮಾಳಿಗೆ ದಾಟಿ ಕೆಳಗೆ ಇಳಿದದ್ದನ್ನು ಯಾರೂ ಕಂಡಿಲ್ಲ. ಹಾಗಾಗಿ ಕಾಕೂ ಅವರ ಕೋಣೆಯಲ್ಲಿ ಹಗಲೂ ಟ್ಯೂಬ್‌ಲೈಟ್.

ನಾನು ನೋಡಲು ಹೋದಾಗ ಕೇಳಿದರು: "ತಮ್ಮಾ, ಈಗ ಮುಂಜಾನಿಯೋ ಸಂಜಿಯೋ?"

"ಹನ್ನೊಂದು ಗಂಟೆ ಕಾಕೂ. ಗೋಡೆಯಲ್ಲೇ ಗಡಿಯಾರ ಉಂಟಲ್ಲ."

"ಅದು ಹೇಳ್ತದ. ನನಗ ಅನಸ್ಲಾರದು."

ಕಾಕೂ ಅವರ ತಲೆ ಸರಿಯಾಗಿಯೇ ಇತ್ತು. ಆದರೆ ಹೊತ್ತು ಕೈಬಿಟ್ಟು ಹೋದ ಮೇಲೆ ಊಟ ಬೇಡವೆನ್ನತೊಡಗಿದರು. ಇದೀಗ ಉಂಡೆನಲ್ಲ ಎನ್ನುವರು. ನಡುಮಧ್ಯಾಹ್ನ ನಿದ್ದೆ, ನಡುರಾತ್ರಿ ಎಚ್ಚರ. ದಿನದಿನಕ್ಕೆ ಮಂಚದಲ್ಲಿ ಚಿಕ್ಕದಾಗತೊಡಗಿದರು. ಡಾಕ್ಟರು ಟಾನಿಕ್ ಬರೆದುಕೊಟ್ಟರು. ಕಾಕಾ ಟಾನಿಕ್ ತಂದಿಟ್ಟು, ನನ್ನ ಮನೆಗೆ ಹತ್ತಿ ಬಂದರು.

ಬಂದವರು ಕೂರಲಿಲ್ಲ. ನೇರ ಅಡುಗೆಮನೆಗೆ ಹೋಗಿ ನೆಲ ನೋಡುತ್ತ ನಿಂತರು. ನನ್ನ ಹೆಂಡತಿ ಕೈಯಲ್ಲಿ ಸೌಟು ಹಿಡಿದು ನನ್ನ ಮುಖ ನೋಡಿದಳು.

"ಸಾಹೇಬ್ರ, ಇಕಿ ಮಂಚದ ನೆತ್ತಿ ಬರೋಬರಿ ಇಲ್ಲಿ ಬರ್ತದ," ಎಂದು ಕಾಲಿನಿಂದ ಗ್ಯಾಸ್ ಸಿಲಿಂಡರಿನ ಪಕ್ಕ ತೋರಿಸಿದರು. "ಇಲ್ಲೊಂದು ಬೆಳಕಿಂಡಿ ಹೊಡೀಬೇಕ್ರಿ. ಗಡಿಗಿ ಅಗಲದ್ದು ಸಾಕು."

"ನಮ್ಮ ನೆಲಕ್ಕಾ?"

"ನಿಮ್ಮ ನೆಲಕ್ಕೊಂದು, ಮ್ಯಾಲಿನ ವಹಿನಿ ನೆಲಕ್ಕೊಂದು, ಟೆರೇಸಿಗೊಂದು. ಮೂರೂ ಸಾಲ್ ಹಿಡದು ಹೊಡದ್ರ ಬಿಸಲು ಸೀದಾ ಇಳೀತದ. ನಿಮಗೂ ಬೆಳಕಾತು."

ನಾನು ಚಿಂತೆಯಲ್ಲಿ ಪಳಗಿದವನು. ಲಿಫ್ಟೇ ಇಲ್ಲದ ಈ ಕಟ್ಟಡದಲ್ಲಿ ಲಿಫ್ಟಿನೊಳಗೆ ಸಿಕ್ಕಿಕೊಂಡ ಕನಸು ಕಂಡವನು. ಆದರೆ ಅಡುಗೆಮನೆಯ ನೆಲದಲ್ಲಿ ಗಡಿಗೆಯಗಲದ ತೂತು ಬಿದ್ದು, ಅದರೊಳಗಿಂದ ಕಾಕಾ ತಲೆಯೆತ್ತಿ "ಚಾ ಆತೇನ್ರಿ?" ಎಂದು ಕೇಳುವ ಚಿತ್ರ ನನ್ನ ಚಿಂತೆಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

"ಅದೆಲ್ಲ ಆಗ್ಲಿಕ್ಕಿಲ್ಲ ಕಾಕಾ. ಕಟ್ಟಡ ಕೂತೀತು. ಮುನ್ಸಿಪಾಲಿಟಿ ನೋಟಿಸು ಬಂದೀತು."

ಕಾಕಾ ವಾದ ಮಾಡಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಗೋಡೆ ಹಿಡಿದು ನಿಂತು ಮೆಲ್ಲಗೆ, "ಮತ್ತ ಇಕಿಗಿ ನಾ ಬಿಸಲು ಎಲ್ಲಿಂದ ತರ್ಲಿ, ನೀವೇ ಹೇಳ್ರಿ," ಎಂದರು.

ಉತ್ತರ ಕೊಟ್ಟದ್ದು ನನ್ನ ಹೆಂಡತಿ. ಅವಳಿಗೆ ಅದು ಉತ್ತರವೆಂದು ಗೊತ್ತಿರಲಿಲ್ಲ. ಎದುರಿನ ಬಿ ವಿಂಗಿನಲ್ಲಿ ಯಾರದೋ ಮನೆಯ ಹಿಟ್ಟು ಕಲಸುವ ಸ್ಟೀಲ್ ಪರಾತ ಕಿಟಕಿಯಲ್ಲಿ ಒಣಗಲು ಇಟ್ಟಿದ್ದು ಹೊಳೆದು ಅವಳ ಕಣ್ಣಿಗೆ ಹೊಡೆಯಿತು. "ಇವ್ರೇ, ಆ ಪರಾತ ಒಂದು ತೆಗೀಲಿಕ್ಕೆ ಹೇಳಿ ಮಾರಾಯ್ರೆ, ಕಣ್ಣು ಹೋಗ್ತದೆ," ಎಂದಳು. ಕಾಕಾ ಕಿಟಕಿಗೆ ಹೋಗಿ ಆ ಪರಾತವನ್ನು ಬಹಳ ಹೊತ್ತು ನೋಡಿದರು.

ಮರುದಿನ ತಮ್ಮ ಕಪಾಟಿನ ಬಾಗಿಲಿನ ಉದ್ದ ಕನ್ನಡಿ ಬಿಚ್ಚಿದರು. ಎದ್ದು ನಿಂತು ಅದರಲ್ಲಿ ಕುಂಕುಮ ಸರಿಪಡಿಸಿಕೊಳ್ಳುತ್ತಿದ್ದ ಕಾಕೂ ಈಗ ಏಳುವಂತಿರಲಿಲ್ಲ. ಅದನ್ನು ಹೊತ್ತು ಬಿ ವಿಂಗಿನ ಟೆರೇಸು ಹತ್ತಿ, ಟಾಂಕಿಯ ಗೋಡೆಗೆ ಕೀಲು ಹಾಕಿ, ಪೂರ್ವಕ್ಕೆ ಮುಖ ಮಾಡಿ, ಕೆಳಗೆ ಬಾಗಿಸಿ ಕೂರಿಸಿದರು. ಸೆಕ್ರೆಟರಿಯಾಗಿ ನಾನು ಮಾಡಬೇಕಾದ ಚಿಂತೆಗಳನ್ನೆಲ್ಲ ಮಾಡಿದೆ. ಬಿಸಿಲು ಒಂದೇ ಕಡೆ ಬಿದ್ದು ಪರದೆಗೆ ಬೆಂಕಿ ಹತ್ತಿದರೆ? ಹೊಸ ವಿಮಾನ ನಿಲ್ದಾಣಕ್ಕೆ ಇಳಿಯುವ ಪೈಲಟ್ಟಿನ ಕಣ್ಣಿಗೆ ಹೊಡೆದರೆ?

"ಹೊಡೀಲಿ ಬಿಡ್ರಿ," ಎಂದರು ಕಾಕಾ, ಸ್ಕ್ರೂ ತಿರುವುತ್ತ. "ಕೆಳಗ ನೋಡಿ, ಯಾರೋ ಮನಿ ಮಾಡ್ಯಾರ ಅಂತ ತಿಳೀತಾನ."

ಮೊದಲ ದಿನ ಬೆಳಿಗ್ಗೆ ನಾನೂ ರಜೆ ಹಾಕಿದ್ದೆ, ಅನಾಹುತ ಆಗುವಾಗ ಸ್ಥಳದಲ್ಲಿರೋಣ ಎಂದು. ಸೂರ್ಯ ಏರುತ್ತ ಬಂದಂತೆ ಕನ್ನಡಿಯ ಬೆಳಕು ನಮ್ಮ ಎ ವಿಂಗಿನ ಗೋಡೆಯ ಮೇಲೆ ಮೇಲಿನಿಂದ ಕೆಳಗೆ ಇಳಿಯತೊಡಗಿತು. ಮೊದಲು ಎರಡನೇ ಮಾಳಿಗೆಯ ಮರಾಠಿ ಮನೆಯ ವಹಿನಿಯ ಕಿಟಕಿ. "ಅಗೋಬಾಯಿ! ಹೇ ಕಾಯ್?" ಎಂದು ಅವರು ಕೂಗಿದ್ದು ಕೇಳಿತು. ಆಮೇಲೆ ನಮ್ಮ ಅಡುಗೆ ಕಟ್ಟೆ. ಆಮೇಲೆ ಕೆಳಗೆ. ವಹಿನಿ ಲಿಖಿತ ದೂರು ಕೊಡುತ್ತೇನೆಂದರು. ಒಂದು ವಾರ ಬಿಟ್ಟು ಅವರ ಕಿಟಕಿಯ ಅಂಚಿನಲ್ಲಿ ಹಪ್ಪಳದ ತಟ್ಟೆ ಕಂಡಿತು. ದೂರಿನ ಸುದ್ದಿ ಮತ್ತೆ ಬರಲಿಲ್ಲ.

ಆವತ್ತು ನಾನು ಕೆಳಗೆ ಓಡಿದೆ. ಕಾಕಾ ಟ್ಯೂಬ್‌ಲೈಟ್ ಆರಿಸಿದ್ದರು. ಬಿಸಿಲಿನ ಒಂದು ಉದ್ದನೆ ತುಂಡು ಒಳಗಿನ ಗೋಡೆಯ ದೇವರ ಫೋಟೋ ಮುಟ್ಟಿ, ಅಲ್ಲಿಂದ ನೆಲಕ್ಕೆ ಇಳಿಯಿತು. ಮೆಲ್ಲಗೆ ಮಂಚದ ಕೆಳಗಿನ ಟ್ರಂಕಿಗೆ ಬಂತು. ಟ್ರಂಕು ದಾಟಿ, ಕಿಟಕಿಯ ಬದಿಗಿದ್ದ ಫ್ರಿಜ್ಜಿಗೆ. ಕಾಕೂ ತಲೆದಿಂಬಿನಿಂದ ಕತ್ತು ಎತ್ತಿ ಅದನ್ನು ಕಣ್ಣಿನಿಂದ ಹಿಡಿದುಕೊಂಡೇ ಇದ್ದರು. ಕೊನೆಗೆ ಅವರ ಬಾಯಿ ಮೂಲೆ ನಕ್ಕಿತು.

"ನಿಮ್ಮ ಸೂರ್ಯಾ ಉಲ್ಟಾ ನಡದಾನಲ್ರಿ."

"ಏನ್ ಉಲ್ಟಾ?"

"ದೇವರ ಮನಿ ಮೊದಲು ಬಂತು. ಟ್ರಂಕು ಒಳಕಲ್ಲು ಅಂತ ಹಿಡೀರಿ, ಅದು ನಡುವ. ಫ್ರಿಜ್ಜು ಗ್ವಾದಲಿ, ಅದು ಕಡೀಗಿ ಬಂತು. ನಮ್ಮ ಮನ್ಯಾಗ ಹಿಂಗಿತ್ತೇನು? ಸಂಜಿ ಮೊದಲ, ಮುಂಜಾನಿ ಆಮ್ಯಾಲ. ಹೊತ್ತು ಹಿಂದಕ್ಕ ಹೊಂಟದ."

ಕಾಕಾ ದಂಗಾದರು. ಹೌದು, ಅಂಗಳಕ್ಕೆ ನೇರ ಬೀಳುವ ಬಿಸಿಲು ಪಡುವಣದಿಂದ ಮೂಡಣಕ್ಕೆ ಸರಿಯುತ್ತದೆ. ಇದು ಕನ್ನಡಿಗೆ ಬಡಿದು ಮಗುಚಿ ಬಂದ ಬಿಸಿಲು, ಮೂಡಣದಿಂದ ಪಡುವಣಕ್ಕೆ ಹೊರಟಿತ್ತು. ಆ ಮುಖದ ಮೇಲೆ ಬಂದ ಸೋಲನ್ನು ನಾನು ಗೋಣಿತಟ್ಟಿನ ದಿನವೂ ಕಂಡಿರಲಿಲ್ಲ. ಕೂಡಲೇ ಎದ್ದರು. "ತಡಿ, ಈ ಕಡಿ ಗ್ವಾಡಿಗಿ ಇನ್ನೊಂದ್ ಕನ್ನಡಿ ಹಚ್ತೀನಿ. ಎರಡ್ ಸಲ ತಿರುವಿದ್ರ ಸೀದಾ ಆಗ್ತದ."

ಕಾಕೂ ಕೈ ಚಾಚಿ ಅವರ ಅಂಗಿಯ ತುದಿ ಹಿಡಿದರು.

"ಇರ್ಲಿ ಬಿಡ್ರಿ. ಮುಂದಕ್ಕ ಹೋಗಿ ನಮಗ ಏನ್ ಸಿಗೂದದ? ಹಿಂದಕ್ಕೇ ಹೋಗ್ಲಿ."

ಆಮೇಲೆ ಹೀಗೇ ನಡೆಯಿತು. ಚಳಿಗಾಲವೆಲ್ಲ, ಬೇಸಗೆಯೆಲ್ಲ. ಸೂರ್ಯನ ದಾರಿ ಸರಿದಂತೆ ಕಾಕಾ ಆಗಾಗ ಟೆರೇಸಿಗೆ ಹೋಗಿ ಕನ್ನಡಿಯ ಕೀಲು ತಿರುವಿ ಬರುವರು. ಡಕ್ಟ್ ಒಂದು ದೊಡ್ಡ ಕೊಳವೆ. ಕೆಳಗೆ ಕೆಮ್ಮಿದರೂ ಟೆರೇಸಿಗೆ ಕೇಳುತ್ತದೆ, ಸೊಸೈಟಿಯ ಜಗಳಗಳು ನನಗೆ ತಲುಪುವುದೂ ಹಾಗೆಯೇ. ಕಾಕೂ ಮಂಚದಿಂದ ಹೇಳುವುದು, ಕಾಕಾ ಮೇಲಿನಿಂದ ತಿರುವುವುದು. "ಇನ್ನಟ ಈ ಕಡಿ. ಹಾಂ, ಅಷ್ಟೇ, ಸಾಕು!" ಕಾಕೂ ಮತ್ತೆ ಹೊತ್ತಿಗೆ ಸರಿಯಾಗಿ ಹಸಿಯತೊಡಗಿದರು. ಬಿಸಿಲು ಟ್ರಂಕಿಗೆ ಬಂದರೆ ರೊಟ್ಟಿ ಬೇಕೆನ್ನುವರು. ಬಿಸಿಲು ಫ್ರಿಜ್ಜಿಗೆ ತಲುಪಿದಾಗ ದಿನವೂ ಒಂದು ಆಟ. ಕಾಕಾ ಅಲ್ಲೇ ಎದುರಿಗೆ, ಸ್ನಾನ ಮುಗಿಸಿ, ತಟ್ಟೆ ತೊಳೆದು ಒರೆಸುತ್ತ ನಿಂತಿರುತ್ತಿದ್ದರು. ಕಾಕೂ ಗೋಡೆಗೆ ಹೇಳಿದ ಹಾಗೆ ಹೇಳುವರು:

"ಏಳ್ರೀ, ಬಿಸಲು ಗ್ವಾದಲಿಗಿ ಬಂತು."

ಕಾಕಾ ತಟ್ಟೆ ಹಿಡಿದುಕೊಂಡೇ ಒಂದು ದೊಡ್ಡ ಸುಳ್ಳು ಆಕಳಿಕೆ ಆಕಳಿಸಿ, ಮೈ ಮುರಿಯುವರು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಕೈಕೆಲಸ ನಿಲ್ಲಿಸಿ ಅದನ್ನು ಕೇಳುತ್ತಿದ್ದಳು. ಒಮ್ಮೆ ನನ್ನನ್ನು ಕೇಳಿದಳು, "ನೀವು ನನ್ನನ್ನು ಹಾಗೆ ಯಾವತ್ತಾದ್ರೂ ನಗಿಸಿದ್ದುಂಟಾ?" ನಾನು ಅದರ ಬಗ್ಗೆ ಚಿಂತೆ ಮಾಡಲು ಶುರುಮಾಡಿದೆ. ಇನ್ನೂ ಮುಗಿದಿಲ್ಲ.

ಜೂನಿನಲ್ಲಿ ಮೊದಲ ಹನಿ ಬಿತ್ತು. ಕಾಕಾ ಎಂದಿನಂತೆ ಓಡಿದರು. ಈ ಸಲ ಕೈಯಲ್ಲಿ ನೀಲಿ ಪ್ಲಾಸ್ಟಿಕ್ ತಾಡಪತ್ರಿ ಇತ್ತು. ಕನ್ನಡಿಗೆ ಅದನ್ನು ಹೊದಿಸಿ ಹಗ್ಗ ಬಿಗಿದು, ತೊಯ್ದು ತೊಪ್ಪೆಯಾಗಿ ಇಳಿದು ಬಂದರು. ಅಷ್ಟು ವರ್ಷಗಳ ಆ ಓಟಕ್ಕೆ ಕೊನೆಗೂ ಮುಚ್ಚಲು ಏನೋ ಸಿಕ್ಕಿತ್ತು. ಮೆಟ್ಟಿಲಲ್ಲಿ ನನ್ನನ್ನು ಕಂಡು, "ಮುಚ್ಚಿ ಬಂದೆ," ಎಂದರು. ಸುಮ್ಮನೆ ಹೋಗಿದ್ದೆ ಎನ್ನಲಿಲ್ಲ.

ಶ್ರಾವಣದಲ್ಲಿ ಜ್ವರ ಬಂತು. ಊರಿನ ಗೋಡೆಗಳೆಲ್ಲದರ ಜ್ವರ ನೋಡುತ್ತಿದ್ದವರು ತಮ್ಮದನ್ನು ಬರೀ ಮೈಬಿಸಿ ಎಂದುಕೊಂಡರು. ಆಸ್ಪತ್ರೆಗೆ ಸೇರಿಸಿದಾಗ ತಡವಾಗಿತ್ತು. ಜಡಿಮಳೆಯಲ್ಲಿ, ಆಂಬುಲೆನ್ಸಿನ ದೀಪ ಡಕ್ಟಿನ ಗೋಡೆಯ ಮೇಲೆ ತಿರುಗುವುದನ್ನು ಕಾಕೂ ಮಂಚದಿಂದಲೇ ನೋಡಿದರು. ಹೋಗುವವರನ್ನು ಬಾಗಿಲವರೆಗೆ ಕಳಿಸಿಕೊಡಲೂ ಅವರಿಗೆ ಆಗಲಿಲ್ಲ.

ಮಗಳು ಕಲ್ಯಾಣದಿಂದ ಬಂದು ತಾಯಿಯ ಜೊತೆ ಉಳಿದಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ಪೇಂಟರಿನ ಫೋನು ಬಂದ ಸಂಜೆ ನಾನು ಅವರ ಬಾಗಿಲು ತಟ್ಟಿದೆ. ಕನ್ನಡಿ ಏನು ಮಾಡೋಣ ಎಂದು ಕೇಳಬೇಕೆಂದಿದ್ದೆ. ಕೇಳುವ ಮೊದಲೇ ಅವಳು ದನಿ ತಗ್ಗಿಸಿ ಹೇಳಿದಳು:

"ಅಂಕಲ್, ಅವ್ವಾ ರೋಜ್ ಪೂಛ್ತೀ ಹೈ, ಬಿಸಲು ಆಯಾ ಕ್ಯಾ? ಖಾನಾ ಭೀ ಠೀಕ್ ಸೇ ನಹೀಂ ಖಾತೀ."

ಬಿಸಿಲು ಬಂತೇ ಎಂದು ದಿನವೂ ಕೇಳುವುದು, ಊಟ ಸರಿಯಾಗಿ ಮಾಡದಿರುವುದು, ಹೋದ ವರ್ಷದ್ದೇ ಕತೆ. ಒಳಗೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮಂಚದಲ್ಲಿ ಕಾಕೂ ಮತ್ತೆ ಚಿಕ್ಕದಾಗಿದ್ದರು.

ಭಾನುವಾರ ಬೆಳಿಗ್ಗೆ ನಾನು ಬಿ ವಿಂಗಿನ ಟೆರೇಸಿಗೆ ಹೋದೆ. ಎತ್ತರವೆಂದರೆ ನನಗೆ ಆಗುವುದಿಲ್ಲ. ಕುರ್ಚಿ ಹತ್ತಿ ಬಲ್ಬು ಬದಲಿಸುವಾಗಲೂ ಹೆಂಡತಿ ಕುರ್ಚಿ ಹಿಡಿಯಬೇಕು. ಟಾಂಕಿಯ ಬುಡದ ಕಟ್ಟೆಯ ಮೇಲೆ ಮಂಡಿಯೂರಿ, ಕೆಳಗೆ ನೋಡದೆ, ತಾಡಪತ್ರಿಯ ಗಂಟು ಬಿಚ್ಚಿದೆ. ಗಂಟು ಬಿಗಿಯಾಗಿತ್ತು. ಕಾಕಾ ಹಾಕಿದ್ದಲ್ಲವೇ. ಬಿಚ್ಚಿದಾಗ ಕನ್ನಡಿಯಲ್ಲಿ ನನ್ನ ಗಾಬರಿ ಮುಖ ಪೂರ್ತಿ ಕಂಡಿತು. ಒರೆಸಿದೆ. ಕೀಲಿಗೆ ತುಕ್ಕು ಹಿಡಿದಿತ್ತು, ಎಣ್ಣೆ ಹಾಕಿ ಸಡಿಲಿಸಿದೆ. ಸೂರ್ಯ ಏರುವವರೆಗೆ ಹಾಗೇ ಕಾದೆ.

ಬೆಳಕು ವಹಿನಿಯ ಕಿಟಕಿ ದಾಟಿತು. ನಮ್ಮ ಅಡುಗೆಮನೆ ದಾಟಿತು. ನನ್ನ ಹೆಂಡತಿ ಕಿಟಕಿಯಲ್ಲಿ ಮುಖ ತೂರಿಸಿ, "ಕೈ ಬಿಡ್ಬೇಡಿ ಮಾರಾಯ್ರೆ, ಬಿದ್ದೀರಿ!" ಎಂದಳು. ಆಮೇಲೆ ಬೆಳಕು ಕೆಳಗಿನ ಕಿಟಕಿಯ ಸರಳಿಗೆ ಬಂದು ನಿಂತಿತು.

"ತಮ್ಮಾ, ನೀ ಏನು ಮ್ಯಾಲ?" ಕಾಕೂ ದನಿ. ಅಷ್ಟು ಚಿಕ್ಕ ಮೈಯಿಂದ ಆ ದನಿ ಹೇಗೆ ಬಂತೋ.

"ಹೌದು ಕಾಕೂ. ಯಾವ ಕಡೆ ತಿರುಗಿಸ್ಲಿ?"

"ಜರಾ ಎಡಕ್ಕ. ಭಾಳಾತು, ಭಾಳಾತು. ಜರಾ ಹಿಂದ ತಗೋ. ಹಾಂ. ಫೋಟೋಕ್ಕ ಬಂತು. ಅಲ್ಲಾಡಬ್ಯಾಡ."

ಸ್ಕ್ರೂ ಬಿಗಿಯೋಣವೆಂದರೆ ಅದರ ಥ್ರೆಡ್ಡು ಸವೆದುಹೋಗಿತ್ತು, ಹಿಡಿಯುತ್ತಿರಲಿಲ್ಲ. ಕೈ ಬಿಟ್ಟರೆ ಕನ್ನಡಿ ಬಾಗುತ್ತದೆ, ಬಿಸಿಲು ಹೋಗುತ್ತದೆ. ನಾಳೆ ಹೊಸ ಸ್ಕ್ರೂ ತರಬೇಕು. ಇವತ್ತಿಗೆ ನಾನೇ ಕೀಲು ಎಂದುಕೊಂಡು ಎರಡೂ ಕೈಯಲ್ಲಿ ಹಿಡಿದು ಮಂಡಿಯ ಮೇಲೆ ಕೂತೆ. ಕೆಳಗಿನಿಂದ ಮಾತು ನಿಂತಿತು. ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಮಂಡಿ ಉರಿಯಿತು. ಕನ್ನಡಿಯ ಚೌಕಟ್ಟಿನ ಮೇಲೆ ನನ್ನ ಒಂದು ಕೈಬೆನ್ನು ಒತ್ತಿಕೊಂಡಿತ್ತು. ಚೌಕಟ್ಟು ಬಿಸಿಯೇರುತ್ತಿತ್ತು. ಒಳಗೆ ಬಿಸಿಲು ಈಗ ಟ್ರಂಕಿನ ಮೇಲಿರಬಹುದು, ಈಗ ಟ್ರಂಕು ದಾಟಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಯಾಕೆ ಸದ್ದೇ ಇಲ್ಲ, ಕಾಕೂಗೆ ಏನಾದರೂ ಆಯಿತೇ ಎಂದು ಹೆದರಿ ಕೂಗಬೇಕೆಂದು ಬಾಯಿ ತೆರೆದೆ.

ಆಗ ಕೆಳಗಿನಿಂದ ದನಿ ಬಂತು. ಅದು ನನ್ನನ್ನು ಉದ್ದೇಶಿಸಿದ್ದಲ್ಲ. ಹೊಸ ಮದಲಗಿತ್ತಿ ದೂರ ನಿಂತು ಗೋಡೆಗೆ ಹೇಳಿದ ಹಾಗಿತ್ತು.

"ಏಳ್ರೀ, ಬಿಸಲು ಗ್ವಾದಲಿಗಿ ಬಂತು."

ಡಕ್ಟಿನೊಳಗೆ ಆ ಮಾತು ಪೈಪುಗಳನ್ನೆಲ್ಲ ಹತ್ತಿ ಮೇಲೆ ಬಂದು ಆಕಾಶಕ್ಕೆ ಹೋಯಿತು. ಯಾರೂ ಆಕಳಿಸಲಿಲ್ಲ. ನನ್ನ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಕೆಳಗೆ ಕಾಕೂ ಕಾಯುತ್ತಿದ್ದರು, ಅದು ಇಲ್ಲಿಗೂ ಗೊತ್ತಾಗುತ್ತಿತ್ತು.

ನಾನು ಕನ್ನಡಿ ಅಲುಗದ ಹಾಗೆ ಹಿಡಿದುಕೊಂಡೇ, ಮೆಲ್ಲಗೆ ಎದ್ದು ನಿಂತೆ.